ಕೀಗಳ ಮೇಲೆ ಗುರುತು ಹಾಕಬಾರದು

ನನ್ನ ಪಿಯಾನೊ ತರಗತಿಗೆ ಇರುವುದು ಒಂದೇ ನಿಯಮ. ಕೀಗಳ ಮೇಲೆ ಗುರುತು ಹಾಕಬಾರದು. ಪುಟದ ಮೇಲಿನ ಐದು ಗೆರೆಗಳನ್ನು ಓದಿ, ಸ್ವರ ಯಾವುದೆಂದು ತಿಳಿದು, ಆಮೇಲೆ ಬೆರಳಿಡಬೇಕು. ಗುರುತು ಬೇಕೇ ಬೇಕು ಎನ್ನುವವರಿಗೆ ಪಿಯಾನೊ ಮಾಡಿದವರೇ ಕಪ್ಪು ಕೀಗಳನ್ನು ಎರಡು, ಮೂರು, ಎರಡು, ಮೂರು ಎಂದು ಗುಂಪು ಮಾಡಿಟ್ಟಿದ್ದಾರೆ. ಎರಡರ ಗುಂಪಿನ ಎಡಕ್ಕಿರುವ ಬಿಳಿ ಕೀ ಸಿ ಎಂಬ ಸ್ವರ. ಅಲ್ಲಿಂದ ಎಣಿಸಿಕೊಳ್ಳಬಹುದು. ಚಿಕ್ಕಬಳ್ಳಾಪುರದ ನನ್ನ ಕೋಣೆಯ ಬಾಗಿಲ ಮೇಲೆ ಈ ನಿಯಮವನ್ನು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದು ಹಾಕಿದ್ದೇನೆ. ಎರಡೂ ಭಾಷೆ ಬಲ್ಲವರು ಎರಡೂ ಭಾಷೆಯಲ್ಲಿ ಅದನ್ನು ಮುರಿದಿದ್ದಾರೆ.

ಇಂಥವು ನಡೆಯುತ್ತಲೇ ಇರುತ್ತವೆ. ನಡೆಯುವಾಗ ನನಗೆ ನಗು ಬರುವುದಿಲ್ಲ. ಅವರೆಲ್ಲ ತರಗತಿ ಬಿಟ್ಟು ಹೋದ ಮೇಲೆ ಬರುತ್ತದೆ. ಆಗ ಜೊತೆಯಲ್ಲಿ ನಗುವುದಕ್ಕೆ ಯಾರೂ ಇರುವುದಿಲ್ಲ.

ಉಗುರು

ಭಾನುವಾರಗಳಂದು ಗೌರಿಬಿದನೂರಿನಲ್ಲಿ ಪಾಠ. ಅಲ್ಲಿಗೆ ತೊಂಡೇಬಾವಿಯಿಂದ ರೈಲಿನಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿ ಬರುತ್ತಿದ್ದರು. ನಲವತ್ತು ದಾಟಿದ ಮೇಲೆ ಪಿಯಾನೊ ಕಲಿಯಬೇಕೆಂಬ ಆಸೆ, ಅದೂ ಶಾಸ್ತ್ರೀಯವಾಗಿಯೇ. ನನಗೆ ಅವರ ಮೇಲೆ ಗೌರವವಿತ್ತು. ಒಂದು ಭಾನುವಾರ ನೋಡುತ್ತೇನೆ, ಬಲಗೈಯ ಐದು ಉಗುರುಗಳ ಮೇಲೂ ಮಾರ್ಕರ್ ಪೆನ್ನಿನಲ್ಲಿ ಸಿ, ಡಿ, ಇ, ಎಫ್, ಜಿ.

ಇದೇನೆಂದು ಕೇಳಿದೆ. "ಕೀ ಮೇಲೆ ಬರೀಬಾರ್ದು ಅಂದ್ರಿ, ಬರ್ದಿಲ್ಲ. ಉಗುರು ನಂದು ಸಾರ್" ಅಂದರು.

ಹೆಬ್ಬೆರಳು ಸಿ ಮೇಲೆ ಕೂತಿರುವಷ್ಟು ಹೊತ್ತು ಎಲ್ಲ ಸರಿಯಿತ್ತು. ಎರಡನೆಯ ಸಾಲಿನಲ್ಲಿ ಕೈಯನ್ನು ಮೇಲಕ್ಕೆ ಸರಿಸಬೇಕು. ಸರಿಸಿದರು. ಕೈಯ ಜೊತೆ ಅಕ್ಷರಗಳೂ ಸರಿದವು. ಅಲ್ಲಿಂದಾಚೆ ಅವರು ಉಗುರು ನೋಡಿಕೊಂಡು ನುಡಿಸಿದ್ದು ಯಾವ ದೇಶದ ಸಂಗೀತವೂ ಅಲ್ಲ. ಮೊದಲು ಅದನ್ನು ಉಜ್ಜಿ ತೆಗೆಯಿರಿ ಅಂದೆ. ಹೋಗುವುದಿಲ್ಲ, ಶಾಶ್ವತ ಮಾರ್ಕರ್ ಅಂದರು. ಉಗುರು ಬೆಳೆದು ಅಕ್ಷರ ಸವೆಯುವಷ್ಟರಲ್ಲಿ ಅವರಿಗೆ ವರ್ಗವಾಯಿತು. ಅಂಥ ಆಸೆಯ ಮನುಷ್ಯ ನನಗೆ ಮತ್ತೆ ಸಿಕ್ಕಿಲ್ಲ. ಹೋಗುವ ದಿನ ಕೈ ಮುಗಿಯುತ್ತಾ ಹೇಳಿದರು: "ನಿಮ್ಮೊಬ್ಬರಿಗೇ ಸಾರ್ ಬೇಜಾರಾಗಿದ್ದು. ಕೌಂಟರ್‌ಗೆ ಬಂದವರೆಲ್ಲ ಯಾವ ದೇವರಿಗೆ ಹರಕೆ ಅಂತ ಕೇಳಿ, ಭಕ್ತಿಯಿಂದ ನೋಡ್ತಿದ್ರು."

ತಾಜ್ ಮಹಲ್

ಚಿಂತಾಮಣಿಯ ಒಬ್ಬ ಹುಡುಗ ಮನೆಯಲ್ಲಿ ಅದ್ಭುತವಾಗಿ ನುಡಿಸುತ್ತಾನೆ, ನಿಮ್ಮ ಮುಂದೆ ಮಾತ್ರ ಹೆದರುತ್ತಾನೆ ಎಂದು ಅವನ ತಾಯಿ ಫೋನು ಮಾಡಿದರು. ಮಕ್ಕಳನ್ನು ಹೆದರಿಸುತ್ತೇನೆಂಬ ಮಾತು ನನಗೆ ಹೊಸದಲ್ಲ. ಆದರೂ ಮನಸ್ಸಿಗೆ ಚುಚ್ಚಿ, ಅವರ ಮನೆಗೇ ಹೋದೆ.

ಕೀಬೋರ್ಡಿನ ಮೇಲೆ, ಕೀಗಳ ಹಿಂದುಗಡೆಯ ಪಟ್ಟಿಯಲ್ಲಿ ಷೋಪೀಸುಗಳ ಸಾಲು. ಗಣಪತಿ, ತಾಜ್ ಮಹಲ್, ಒಂದು ಬಾತುಕೋಳಿ, ಪುಟ್ಟ ಗಡಿಯಾರ. ಹುಡುಗ ಪುಟವನ್ನು ತೆರೆಯಲೂ ಇಲ್ಲ. ಕಣ್ಣು ಷೋಪೀಸುಗಳ ಮೇಲಿಟ್ಟು, ಒಂದು ನೃತ್ಯದ ತುಣುಕನ್ನು ಸಲೀಸಾಗಿ ಶುರು ಮಾಡಿದ. ಮೂರನೆಯ ಸ್ವರದಿಂದಲೇ ತಪ್ಪು. ತಪ್ಪೆಂದು ಅವನಿಗೆ ಗೊತ್ತಿಲ್ಲ. ಕೊನೆಯವರೆಗೂ ಅದೇ ಧೈರ್ಯದಲ್ಲಿ ನುಡಿಸಿ, ಎದ್ದು ನಿಂತು ನಮಸ್ಕಾರವನ್ನೂ ಮಾಡಿದ. ನನಗೆ ಅವನ ಕಿವಿಯ ಬಗ್ಗೆ ನಿಜವಾಗಿ ದುಃಖವಾಯಿತು.

ತಾಯಿ ಒಳಗಿನಿಂದ ಬಂದು ಸಾಲನ್ನು ನೋಡಿ ಹಣೆ ಚಚ್ಚಿಕೊಂಡರು. "ಅಯ್ಯೋ, ಇವತ್ತು ಧೂಳು ಒರೆಸ್ದೋಳು ತಾಜ್ ಮಹಲ್ ಎತ್ತಿ ಬೇರೆ ಕಡೆ ಇಟ್ಟವ್ಳೆ ಸಾರ್."

ಇವೆಲ್ಲವನ್ನೂ ಇಲ್ಲಿಂದ ತೆಗೆದುಬಿಡಿ ಎಂದೆ. ಉಳಿದವನ್ನು ತೆಗೆದರು. ಸಿ ಕೀಯ ಹಿಂದೆ ಕೂತಿದ್ದ ಗಣಪತಿ ಹಾಗೇ ಉಳಿದ. ಅವನನ್ನು ಏಳಿಸಲು ನೀವೇ ಹೇಳಿ ಎಂದು ನನ್ನ ಮುಖ ನೋಡಿದರು. ನಾನು ಹೇಳಲಿಲ್ಲ. ಹೀಗಾಗಿ ಆ ಹುಡುಗನಿಗೆ ಇಂದಿಗೂ ಗೊತ್ತಿರುವ ಸ್ವರ ಸಿ ಒಂದೇ.

ಬಳೆ

ಶಿಡ್ಲಘಟ್ಟದ ಪಾಠಕ್ಕೆ ದಿಬ್ಬೂರಹಳ್ಳಿಯಿಂದ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬರುತ್ತಿದ್ದರು. ಹುಡುಗನ ಎದುರಿಗೆ ಕುರ್ಚಿ ಹಾಕಿಕೊಂಡು ಕೂರುವರು. ಪುಟದಲ್ಲಿ ಸ್ವರದ ಚುಕ್ಕಿ ಮೇಲೇರಿದರೆ ಅವರ ಕೈ ಮೇಲಕ್ಕೆ, ಇಳಿದರೆ ಕೈ ಕೆಳಕ್ಕೆ. ಹುಡುಗ ಪುಟ ಬಿಟ್ಟು ಅಜ್ಜಿಯನ್ನೇ ಓದುತ್ತಿದ್ದ. ಕಂಡುಹಿಡಿದ ದಿನ ಅವರ ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದೆ. ಹಿರಿಯರಿಗೆ ಹಾಗೆ ಮಾಡಿದೆನಲ್ಲ ಎಂದು ಆಮೇಲೆ ನೊಂದುಕೊಂಡೆ.

ನೋಯುವ ಅಗತ್ಯವಿರಲಿಲ್ಲ. ಮುಂದಿನ ವಾರವೂ ಹುಡುಗ ಸರಿಯಾಗಿಯೇ ನುಡಿಸಿದ. ಗಮನವಿಟ್ಟು ಕೇಳಿದಾಗ ಗೊತ್ತಾಯಿತು. ಗೋಡೆ ನೋಡುತ್ತ ಕೂತ ಅಜ್ಜಿಯ ಬಲಗೈ ಬಳೆ ಒಮ್ಮೆ ಸದ್ದು ಮಾಡಿದರೆ ಮೇಲಕ್ಕೆ, ಎಡಗೈಯದು ಮಾಡಿದರೆ ಕೆಳಕ್ಕೆ. ಇಡೀ ಪಾಠವನ್ನು ಅವರು ಬಾಯಿಪಾಠ ಮಾಡಿಬಿಟ್ಟಿದ್ದರು.

ಅಮ್ಮಾ, ದಯವಿಟ್ಟು ಆ ಬಳೆ ಎಂದು ನಾನು ಬಾಯಿ ತೆರೆದೆ, ಅಷ್ಟೇ. ಅಜ್ಜಿ ಕುರ್ಚಿ ಸಮೇತ ನನ್ನ ಕಡೆ ತಿರುಗಿದರು. "ಏನಪ್ಪಾ, ಮುತ್ತೈದೆ ಕೈಲಿ ಬಳೆ ತೆಗೆಸ್ತೀಯಾ? ನಮ್ಮ ಯಜಮಾನ್ರು ಹೊರಗೇ ಅವ್ರೆ, ಕೇಳು."

ಕೇಳಲಿಲ್ಲ.

ಬಿಂದಿ

ಈ ಕೊನೆಯದು ಚಿಕ್ಕಬಳ್ಳಾಪುರದಲ್ಲೇ ನಡೆದದ್ದು. ಹೈಸ್ಕೂಲು ಹುಡುಗಿ. ನಿಧಾನ, ಬಹಳ ನಿಧಾನ. ಗೆರೆ ಎಣಿಸಿ, ತುಟಿ ಅಲ್ಲಾಡಿಸಿ, ಆಮೇಲೆ ಬೆರಳಿಡುವಳು. ಆದರೆ ಓದಿಯೇ ನುಡಿಸುವಳು. ಅವಳ ಅಪ್ಪ ಕಾಲೇಜು ಅಧ್ಯಾಪಕರು. ವಿದ್ಯಾರ್ಥಿಗಳ ಕಾರ್ಯಕ್ರಮಕ್ಕೆ ಮೊದಲು ಬಂದು, ಎಲ್ಲರ ಮುಂದೆ ತಡವರಿಸದೆ ನುಡಿಸಿದರೆ ಪಿಯಾನೊ ಮುಂದುವರಿಯಲಿ, ಇಲ್ಲವಾದರೆ ಆ ಹೊತ್ತಿಗೆ ಗಣಿತದ ಟ್ಯೂಷನ್ ಎಂದು ಮಗಳ ಎದುರಿಗೇ ಹೇಳಿದರು.

ಮುಂದೇನಾಯಿತೆಂದು ಈಗಲೇ ಹೇಳಿಬಿಡುತ್ತೇನೆ. ಅರ್ಧದಲ್ಲಿ ತಡವರಿಸಿದಳು. ಅಪ್ಪ ಮಾತಿಗೆ ತಪ್ಪಲಿಲ್ಲ. ಬೇರೆ ಯಾರಲ್ಲಾದರೂ ಇದ್ದರೆ ನಾನು ಮೆಚ್ಚುತ್ತಿದ್ದ ಗುಣ ಅದು. ಅವಳ ಹೊತ್ತು ಈಗ ನನ್ನ ಕೋಣೆಯಲ್ಲಿ ಖಾಲಿ. ಬೇರೆ ಯಾರಿಗೂ ಕೊಟ್ಟಿಲ್ಲ.

ಕಾರ್ಯಕ್ರಮದ ದಿನ ಅವಳ ಸರದಿಗೆ ಮುಂಚೆ ಸ್ವಲ್ಪ ಬಿಡುವಿತ್ತು. ನಾನು ಮೈಕಿನವನ ಹತ್ತಿರ ಇದ್ದೆ. ಆ ಹೊತ್ತಿನಲ್ಲಿ ಅವಳ ಅಮ್ಮ ವೇದಿಕೆ ಹತ್ತಿ, ಬಟ್ಟೆಯಿಂದ ಪಿಯಾನೊ ಒರೆಸುವವರ ಹಾಗೆ ಮಾಡಿ, ವ್ಯಾನಿಟಿ ಬ್ಯಾಗಿನಿಂದ ಸ್ಟಿಕ್ಕರ್ ಬಿಂದಿಯ ಹಾಳೆ ತೆಗೆದು ಕೀಗಳಿಗೆ ಅಂಟಿಸಿಬಿಟ್ಟಿದ್ದರು. ನಡುವಿನ ಐದು ಸಿಗಳಿಗೆ ಕೆಂಪು, ಐದು ಜಿಗಳಿಗೆ ಹಸಿರು. ಮಗಳ ಕಿವಿಯಲ್ಲಿ ಅದನ್ನು ಉಸುರಿಯೂ ಇದ್ದರು. ಪಾಪ, ಮಗಳು ಪಿಯಾನೊ ಬಿಡಬಾರದೆಂದು ನನಗಿಂತ ಹೆಚ್ಚು ಆಸೆ ಅವರಿಗಿತ್ತು.

ಹುಡುಗಿ ಬಂದು ಸ್ಟೂಲಿನ ಮೇಲೆ ಕೂತಳು. ಬಿಂದಿಗಳು ನನ್ನ ಕಣ್ಣಿಗೂ ಬಿದ್ದವು. ಎದ್ದೆ. ಮೊದಲ ಸಾಲಿನಲ್ಲಿ ಕೈ ಕಟ್ಟಿ ಕೂತ ಅವಳಪ್ಪನನ್ನು ನೋಡಿ ಮತ್ತೆ ಕೂತೆ.

ಅವಳು ಕೀಗಳನ್ನು ನೋಡಿದಳು. ಉಗುರಿನಿಂದ ಕೆಂಪು ಬಿಂದಿಯೊಂದನ್ನು ಎಬ್ಬಿಸಿ ತೋರುಬೆರಳಿಗೆ ಅಂಟಿಸಿಕೊಂಡಳು. ಆಮೇಲೆ ಹಸಿರಿನದು. ಐದು ಬೆರಳೂ ತುಂಬಿದ ಮೇಲೆ ಎಡಗೈ. ಸಭೆಯಲ್ಲಿ ಗುಸುಗುಸು, ಹಿಂದಿನ ಸಾಲಿನಲ್ಲಿ ನಗು. ಅವಳು ಹತ್ತೂ ಬೆರಳು ಬಿಡಿಸಿಕೊಂಡು, ಮೆಹೆಂದಿ ಒಣಗಿಸುವವಳ ಹಾಗೆ, ಮೆಟ್ಟಿಲಿಳಿದು ಅಮ್ಮನ ಮುಂದೆ ಬಂದು ನಿಂತಳು. ಖಾಲಿ ಹಾಳೆ ಇನ್ನೂ ಅಮ್ಮನ ಕೈಯಲ್ಲೇ ಇತ್ತು. ಒಂದೊಂದೇ ಬಿಂದಿಯನ್ನು ಅದರದರ ಜಾಗ ನೋಡಿ ಅಂಟಿಸತೊಡಗಿದಳು. ಆ ತಾಯಿ ಹಾಳೆಯನ್ನು ಅಲ್ಲಾಡದಂತೆ ಹಿಡಿದುಕೊಂಡರು. ಅಪ್ಪ ಬಗ್ಗಿ ನೋಡಿದರು. ಈಗ ಇಡೀ ಸಭೆ ನಗುತ್ತಿತ್ತು. ಅವಳು ಮಾತ್ರ ಯಾವತ್ತಿನ ಅವಳ ನಿಧಾನದಲ್ಲೇ ಇದ್ದಳು. ಒಂದು ಹಸಿರು ಬಿಂದಿ ಸೊಟ್ಟಗೆ ಕೂತಿತೆಂದು ತೆಗೆದು, ಮತ್ತೆ ನೇರ ಮಾಡಿ ಅಂಟಿಸಿದಳು.

"ಇಟ್ಕೊ ಅಮ್ಮ, ಹಣೆಗೆ ಬೇಕಾಗ್ತದೆ" ಅಂದಳು. ವೇದಿಕೆಗೆ ವಾಪಸು ಹೋಗಿ, ಸ್ಟೂಲು ಎಳೆದುಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟು, ತುಟಿ ಅಲ್ಲಾಡಿಸುತ್ತ ಪುಟದ ಗೆರೆಗಳನ್ನು ಕೆಳಗಿನಿಂದ ಎಣಿಸತೊಡಗಿದಳು.