ಗೊರಕಿ ಮಷೀನು ಮತ್ತ ನಮ್ಮತ್ತೀ ವ್ರತ

ಮುದುಕರ ಮೂಗಿಗೆ ಮುಖವಾಡ ಕಟ್ಟೂ ಕೆಲಸಾ ಹಿಡದಾಗಿಂದ ನನಗ ಮನರಂಜನಿಗೆ ಟೀವಿ ಬೇಕಾಗಿಲ್ಲರಿ. ಒಂದ ವಾರ ಏನೂ ನಡೀಲಿಲ್ಲ ಅಂದರ ನಾನs ರಜಾ ಮ್ಯಾಲ ಇದ್ದೆ ಅಂತ ತಿಳೀಬೇಕು.

ನಾನು ಮಿರಜದ ಒಂದು ದವಾಖಾನಿಯೊಳಗ ನಿದ್ದಿ ವಿಭಾಗದ ಟೆಕ್ನಿಶಿಯನ್. ಕೆಲವರಿಗೆ, ಅದರಾಗೂ ವಯಸ್ಸಾದವರಿಗೆ, ಮಲಗಿದಾಗ ಗಂಟಲಿನ ಮಾಂಸ ಸಡಲಾಗಿ ಉಸಿರಿನ ದಾರಿ ಮುಚ್ಚತೈತಿ. ಉಸಿರು ನಿಲ್ಲತೈತಿ. ಆಮ್ಯಾಲ ಜೀವ ಗಾಬರಿಯಾಗಿ 'ಖೊರ್ರ್' ಅಂತ ಎಳಕೊಳ್ಳತೈತಿ. ರಾತ್ರಿಯಿಡೀ ಹಿಂಗ. ಡಾಕ್ಟರು ಇದಕ್ಕ ಸ್ಲೀಪ್ ಆಪ್ನಿಯಾ ಅಂತಾರು. ಮನಿ ಮಂದಿ ಮಾತ್ರ "ಏನ ಗಡದ್ದ ನಿದ್ದಿ ಹತ್ತೇತಿ ನೋಡ್ರಿ ಇವರಿಗೆ" ಅಂತಾರು. ಮುಖವಾಡ ಕಟ್ಟಿ, ಸಣ್ಣ ಮಷೀನಿನಿಂದ ಗಾಳಿ ಊದಿ, ಆ ದಾರಿ ತೆರದ ಇಡೂದು ನಮ್ಮ ಕೆಲಸಾ.

ಊರಾಗಿನ ಎಷ್ಟೋ ಮೂಗಿಗೆ ಕಟ್ಟಿದೆ. ಕಟ್ಟಲಾರದ್ದು ಒಂದs ಮೂಗು. ಅದು ನಮ್ಮತ್ತೀದು.

ಅತ್ತಿಗೆ ಎಪ್ಪತ್ಮೂರು. ಮೂವತ್ತು ವರ್ಷ ಬಸದಿಯ ಪ್ರವಚನಕ್ಕ ಮೊದಲನೇ ಸಾಲಿನಾಗ ಕುಂತ ಹೆಣಮಗಳು. ಎರಡು ವರ್ಷ ಆತು, ಪಂಡಿತರು ಬಾಯಿ ತೆರದ ಹತ್ತು ಮಿನಿಟಿಗೆ ಇವರ ಕಣ್ಣ ಮುಚ್ಚತಿದ್ದವು, ಹದಿನೈದನೇ ಮಿನಿಟಿಗೆ ಗೊರಕಿ ಸುರು. ಕಡೀಕ ಮಹಿಳಾ ಮಂಡಳದವರು ಇವರ ಕುರ್ಚಿ ಎತ್ತಿ ಒಯ್ದು ಹಿಂದ ದೊಡ್ಡ ಫ್ಯಾನಿನ ಹಂತೇಕ ಇಟ್ಟರು, ಸಪ್ಪಳದಾಗ ಸಪ್ಪಳ ಮುಚ್ಚಿ ಹೋಗಲಿ ಅಂತ. ಆವತ್ತ ರಿಕ್ಷಾದಾಗ ಬರೂ ಮುಂದ ಅತ್ತಿ ಸೆರಗು ಬಾಯಿಗೆ ಹಿಡಕೊಂಡು ಅತ್ತರು.

"ಅತ್ತೀ, ನಿಮ್ಮನ್ನ ಮತ್ತ ಮೊದಲನೇ ಸಾಲಿನಾಗ ಕುಂದ್ರಸೂ ಜಬಾಬ್ದಾರಿ ನಂದು. ನನ್ನ ಮಾತ ಒಂದ ಕೇಳ್ರಿ" ಅಂದೆ.

"ಮೊದಲ ನಿನ್ನ ಪೇಶಂಟಗಳ ಸುದ್ದಿ ಹೇಳು. ಬದಕ್ಯಾರೋ ಇಲ್ಲೋ ನೋಡಿ ಆಮ್ಯಾಲ ವಿಚಾರ ಮಾಡ್ತೇನಿ" ಅಂದರು. ಹೇಳಿದೆ.

೧. ಕಟ್ಗೊಳ್ರಿ ಅಂದಿರಿ, ಕಟ್ಗೊಂಡೆ

ಮ್ಹೈಸಾಳದ ಒಬ್ಬ ರೈತ ಕಾಕಾ. ವಯಸ್ಸು ಎಪ್ಪತ್ತರ ಹತ್ತರ. ಮನಿಯಾಗs ತಪಾಸಣಿ ಮಾಡಲಿಕ್ಕೆ ಒಂದು ಪೆಟಗಿ ಕೊಡ್ತೇವಿ. ಎದಿಗೆ ಪಟ್ಟಾ, ಬೆರಳಿಗೆ ಚಿಮಟಾ, ಮೂಗಿಗೆ ಸಣ್ಣ ನಳಿಗಿ. ಎಲ್ಲಾ ತೋರಿಸಿ, "ಕಾಕಾ, ಇವತ್ತ ರಾತ್ರಿ ಇದನ್ನ ಕಟ್ಗೊಳ್ರಿ, ನಾಳೆ ಮುಂಜಾನೆ ಬಿಚ್ಚಿ ತಂದ ಕೊಡ್ರಿ" ಅಂದೆ. ಗೋಣ ಹಾಕಿ ಹೋದರು.

ಮರುದಿನ ಪೆಟಗಿ ಬಂತು, ಅದರ ತುಂಬ ಕೆಸರು. ರಿಪೋರ್ಟ ತಗದ ನೋಡಿದರ ಡಾಕ್ಟರಿಗೆ ತಲಿಬುಡ ತಿಳೀಲಿಲ್ಲ. ಮನಷ್ಯಾ ರಾತ್ರಿಯಿಡೀ ಒಂದ ಮಿನಿಟ ಅಡ್ಡಾಗಿಲ್ಲ. ನಾಡಿ ನೋಡಿದರ ಗುಡ್ಡಾ ಹತ್ತಿ ಇಳದಂಗ ಐತಿ.

"ಕಾಕಾ, ರಾತ್ರಿ ಏನ ಮಾಡಿದಿರಿ?"

"ಏನ ಮಾಡೂದು? ಈ ವಾರ ನಮಗ ಕರೆಂಟ ರಾತ್ರಿ ಪಾಳಿ. ಕಬ್ಬಿಗೆ ನೀರ ಬಿಟ್ಟೆ."

"ಇದನ್ನ ಕಟ್ಗೊಂಡs?"

"ಮತ್ತ? ಕಟ್ಗೊಳ್ರಿ ಅಂದಿರಿ, ಕಟ್ಗೊಂಡೆ. ಮಲಗ್ರಿ ಅಂತ ಯಾರ ಅಂದರು?"

ಡಾಕ್ಟರು ನಗು ತಡಕೊಂಡು, "ಅದಕ್ಕs ಕಾಕಾ, ಒಂದ ಸಲನೂ ಉಸಿರ ನಿಂತಿಲ್ಲ" ಅಂದರು. ಕಾಕಾ ಪಟಕಾ ಸರಿ ಮಾಡ್ಕೊಂಡು ಎದ್ದರು. "ನನಗ ರೋಗ ಇಲ್ಲ ಅಂತ ನಾ ಮೊದಲs ಹೇಳಿದ್ದೆ. ಸುಮ್ಮ ಒಂದ ದಿನ ಕೆಡಿಸಿದಿರಿ" ಅಂದು ಹೊಂಟs ಬಿಟ್ಟರು. ಬಸ್ ಸ್ಟ್ಯಾಂಡ್ ತನಕ ಓಡಿ ಹೋಗಿ ಕರಕೊಂಡ ಬಂದೆ.

೨. ಬೇಸೂರ ಮಷೀನು

ಇನ್ನೊಬ್ಬರು ನಮ್ಮ ಊರಾಗs ಸಿತಾರ, ತಂಬೂರಿ ಮಾಡೂ ಹಿರಿಯರು. ಇವರಿಗೆ ರೋಗ ಒಪ್ಪಗಿ ಆತು, ಮುಖವಾಡ ಒಪ್ಪಗಿ ಆತು. ಮಷೀನ್ ಮಾತ್ರ ಒಪ್ಪಗಿ ಆಗಲಿಲ್ಲ.

"ಬೇಟಾ, ಇದು ಬೇಸೂರ ಐತಿ. ಇದರ ಸಪ್ಪಳಕ್ಕ ನಿದ್ದಿ ಹೆಂಗ ಬರಬೇಕು?"

ಇನ್ನೊಂದು ಕೊಟ್ಟೆ. ಕಿವಿ ಹಚ್ಚಿ ಕೇಳಿ, "ಹೂಂ ಹೂಂ, ಇದು ಮ್ಯಾಲ ಹೋಗೇತಿ" ಅಂದರು. ಮೂರನೇದು ತಗ್ಗಿತ್ತಂತ. ನನ್ನ ಕಿವಿಗೆ ಮೂರೂ 'ಸುಂಯ್' ಅಂತಿದ್ದವು, ಫರಕ ದೇವರಿಗೇ ಗೊತ್ತು. ನಾಕನೇದು ಹಚ್ಚಿದಾಗ ಪಕ್ಕದಾಗಿನ ತಂಬೂರಿ ಎಳಕೊಂಡು ತಂತಿ ಮೀಟಿದರು. ಎರಡೂ ಕೂಡಿ ಹೋದವು. "ವಾಹ್! ಇದು ಬರೋಬ್ಬರಿ" ಅಂದು ಮಷೀನಿಗೆ ಕೈ ಮುಗದರು.

ನಾಕ ತಿಂಗಳಿಗೆ ಫೋನ್ ಬಂತು. "ಬೇಟಾ, ಮಷೀನ್ ಅರ್ಧ ಸ್ವರ ಇಳದೈತಿ." ಮುದುಕರ ಚಾಳಿ ಅಂತ ಬೈಕೋತ ಹೋದೆ. ಬಿಚ್ಚಿ ನೋಡಿದರ ಗಾಳಿ ಸೋಸೂ ಜಾಳಗಿ ತುಂಬ ಕಟಗಿ ಪುಡಿ ಕುಂತಿತ್ತು. ಇನ್ನೊಂದ ವಾರ ಬಿಟ್ಟಿದ್ದರ ಮಷೀನ್ ಕೆಟ್ಟs ಹೋಗ್ತಿತ್ತು. ಅವರ ಕಿವಿ ಮುಂದ ನನ್ನ ಮೀಟರ್ ಏನೂ ಅಲ್ಲ ಅಂತ ಖರೇ ಖರೇ ನಾಚಿಕಿ ಆತು.

ಅಷ್ಟರಾಗ ಒಳಗಿಂದ ಅವರ ಮನಿಯವರು ಚಹಾ ತಂದರು. "ನಲವತ್ತ ವರ್ಷ ತಾಳ ಇಲ್ಲ ಸುರ ಇಲ್ಲ, ಗೊರಕಿ ಹೊಡದಾರು. ಅವಾಗ ಈ ಕಿವಿ ಎಲ್ಲಿ ಹೋಗಿತ್ತು ಕೇಳ್ರಿ ಸ್ವಲ್ಪ!"

೩. ಅರ್ಧ ಡಬ್ಬಿ

ಈ ಎರಡೂ ಸುದ್ದಿ ಕೇಳಿ ಅತ್ತಿ ನಕ್ಕು ನಕ್ಕು ತಪಾಸಣಿಗೆ ಹೂಂ ಅಂದರು. ರಿಪೋರ್ಟ ನೋಡಿ ನನ್ನ ನಗು ನಿಂತಿತು. ತಾಸಿಗೆ ನಲವತ್ತು ಸಲ ಉಸಿರು ನಿಲ್ತಿತ್ತು. ಇಷ್ಟ ದಿನ ಅತ್ತೀ ಬಿ.ಪಿ.ಗೆ ಗುಳಿಗಿ ಯಾಕ ಹತ್ತವಲ್ಲದು ಅಂತ ಆವತ್ತ ತಿಳೀತು. "ಮಷೀನ್ ಬಿಡಬ್ಯಾಡ್ರಿ ಮಾವಶಿ, ಹೃದಯದ ಮ್ಯಾಲ ಭಾರ ಬೀಳಾಕತ್ತೈತಿ" ಅಂತ ಡಾಕ್ಟರು ಬಿಡಿಸಿ ಹೇಳಿದರು.

ಮೊದಲನೇ ರಾತ್ರಿ ಹಾಕ್ಕೊಂಡು ಮಲಗಿದರು. ಮುಂಜಾನೆ ಎದ್ದಾಗ ಮಾರಿ ಮ್ಯಾಲ ಏನ ಕಳಾ! "ಹತ್ತ ವರ್ಷದ ನಿದ್ದಿ ಒಂದ ರಾತ್ರಿ ಆತು ನೋಡ" ಅಂದರು. ನಾ ಒಳಗೊಳಗ ಕುಣದಾಡಿದೆ.

ಗಂಟಲು ಒಣಗಬಾರದು ಅಂತ ಮಷೀನಿಗೆ ಒಂದು ಸಣ್ಣ ನೀರಿನ ಡಬ್ಬಿ ಇರತೈತಿ, ಗಾಳಿ ಅದರ ಮ್ಯಾಲಿಂದ ಹಾದು ಹಸಿಯಾಗಿ ಬರತೈತಿ. ಅತ್ತಿ ಹಾಸಗಿ ಮಡಚೂ ಮುಂದ ಆ ಡಬ್ಬಿ ನೋಡಿದರು. ನಮ್ಮತ್ತಿ ಸೂರ್ಯ ಮುಳುಗಿದ ಮ್ಯಾಲ ಒಂದ ಹನಿ ನೀರೂ ಮುಟ್ಟದ ವ್ರತದವರು. ಇಪ್ಪತ್ತು ವರ್ಷದಿಂದ ಒಂದ ದಿನ ತಪ್ಪಿಸಿಲ್ಲ.

"ನಿನ್ನೆ ಸಂಜೀಕ ನೀರು ಈ ಗೀಟಿನ ತನಕ ಇತ್ತು. ಈಗ ಅರ್ಧಕ್ಕ ಬಂದೈತಿ. ಮನಿಯಾಗ ಬೆಕ್ಕಿಲ್ಲ. ಯಾರ ಕುಡದರು?"

"ಯಾರೂ ಕುಡದಿಲ್ಲ ಅತ್ತೀ. ಗಾಳಿ ಕೂಡ ಮೂಗಿನಾಗ ಹೋಗೇತಿ."

"ಮೂಗಿನಿಂದ ಎಲ್ಲಿ ಹೋತು?"

"ಪುಪ್ಪಸಕ್ಕ."

"ಪುಪ್ಪಸ ಯಾರದು?"

"ನಿಮ್ಮದು."

"ಮುಗೀತಲ್ಲ" ಅಂದರು. ವ್ರತ ಮುರದದ್ದಕ್ಕ ಆವತ್ತ ಇಡೀ ದಿನ ಉಪವಾಸ. ಗುಳಿಗಿ ಸುದ್ಧಾ ನುಂಗಲಿಲ್ಲ.

ರಾತ್ರಿ ನಾ ಕೈಕಾಲ ಹಿಡದು ಮತ್ತ ಮಷೀನ್ ಹಾಕ್ಸಿದೆ. ಮರುದಿನ ಮತ್ತ ಉಪವಾಸ. ರಾತ್ರಿ ಮಷೀನು, ಹಗಲಿ ಉಪವಾಸ. ಹಿಂಗs ನಡದರ ಉಸಿರು ಉಳದು ಅತ್ತಿ ಹೋಗ್ತಾರಲ್ಲ ಅಂತ ನನಗ ಚಿಂತಿ ಹತ್ತಿತು. ಮೂರನೇ ದಿನ ಅವರs ಮಷೀನಿನ ಮ್ಯಾಲ ಒಂದ ಅರಿವಿ ಮುಚ್ಚಿ ಮೂಲಿಗೆ ಇಟ್ಟರು. ಕಾಲೇಜಿಗೆ ಹೊಂಟಿದ್ದ ನನ್ನ ಮಗಳು ಮರಾಠಿಯಾಗ "ಆಜಿ ಜಿಂಕಲಿ" ಅಂದಳು. ಆಜಿ ಗೆದ್ದಳು ಅಂತ.

೪. ತಂಬಗಿ ಸಾಕ್ಷಿ

ನಾನೂ ಸೈನ್ಸ್ ಕಲತಾಕಿ, ಬಿಡ್ತೇನೇನು? ಸಂಜೀಕ ಒಂದು ಹಿತ್ತಾಳಿ ತಂಬಗಿ ತಗೊಂಡೆ. ಅದರ ಬಾಯಿಗೆ ಮುಖವಾಡ ಇಟ್ಟು, ಪಟ್ಟಾ ಬಿಗದು, ಮಷೀನ್ ಚಾಲೂ ಮಾಡಿ, ಅತ್ತೀ ಕಾಟಿನ ಮ್ಯಾಲs ಮಲಗಿಸಿದೆ. ಅತ್ತಿ ಬಾಜೂಕ ಚಾಪಿ ಹಾಸಿಕೊಂಡರು.

ಮುಂಜಾನೆ ಡಬ್ಬಿ ತೋರಿಸಿದೆ. "ನೋಡ್ರಿ ಅತ್ತೀ. ಯಾರೂ ಹಾಕ್ಕೊಂಡಿಲ್ಲ, ಆದರೂ ನೀರು ಇಳದೈತಿ. ಅಂದರ ಕುಡದವರು ನೀವಲ್ಲ!"

ಅತ್ತಿ ಮುಖವಾಡ ಬಿಚ್ಚಿದರು. ತಂಬಗಿಯೊಳಗ ಕೈ ಹಾಕಿದರು. ಹಸಿ ಆದ ಬೆರಳು ನನ್ನ ಮುಂದ ಹಿಡದರು.

"ತಂಬಗಿ ಕುಡದೈತಿ. ತಂಬಗಿಗೆ ವ್ರತ ಇಲ್ಲ, ಅದಕ್ಕ ನಡೀತೈತಿ."

ಕಡೀಕ ಪಂಡಿತರನ್ನs ಕೇಳೂಣು ಅಂತ ಹೋದೆವು. ಪಂಡಿತರು ಕಣ್ಣ ಮುಚ್ಚಿ ಭಾಳ ಹೊತ್ತು ವಿಚಾರ ಮಾಡಿ, "ಇದು ಸೂಕ್ಷ್ಮ ಐತಿ. ಗ್ರಂಥ ನೋಡಿ ಹೇಳ್ತೇನಿ" ಅಂದರು. ಮೂರು ಆಯಿತವಾರ ಹೋದವು, ಗ್ರಂಥ ಸಿಗಲಿಲ್ಲ. ಅತ್ತಿ ಗೊರಕಿ ಮತ್ತ ಸುರು ಆಗಿತ್ತು, ಕುರ್ಚಿ ಹಿಂದs ಇತ್ತು.

ದಾರಿ ಸಿಕ್ಕಿದ್ದು ನಮ್ಮ ಡಾಕ್ಟರ ಕಡೆ. ಪ್ರವಾಸಕ್ಕ ಒಯ್ಯೂ ಸಣ್ಣ ಮಷೀನು ಒಂದು ಬರತೈತಿ, ಅದಕ್ಕ ನೀರs ಬ್ಯಾಡ. ತಂದು ಅತ್ತೀ ಮುಂದ ಇಟ್ಟೆ.

"ಇದರಾಗ ನೀರು ಎಲ್ಲಿ ಹಾಕೂದು?"

"ಹಾಕೂದs ಇಲ್ಲ. ನೀವು ಬಿಟ್ಟ ಉಸಿರಿನ ಹಸೀನ ಈ ಜಾಳಗಿ ಹಿಡಕೊಂಡು, ಮುಂದಿನ ಉಸಿರಿಗೆ ಹೊಳ್ಳಿ ಕೊಡತೈತಿ."

"ಅಂದರ ನಂದು ನನಗs?"

"ನಿಮ್ಮದು ನಿಮಗs."

"ಹೊರಗಿಂದು ಒಂದ ಹನಿ?"

"ಒಂದ ಹನಿ ಇಲ್ಲ."

ಅತ್ತಿ ಜಾಳಗಿ ಬೆಳಕಿಗೆ ಹಿಡದು ಹೊಳ್ಳಿಸಿ ಹೊಳ್ಳಿಸಿ ನೋಡಿದರು. "ಇಷ್ಟ ಮೊದಲs ಹೇಳಬಾರದಿತ್ತೇನು? ಸುಮ್ಮ ಆ ತಂಬಗಿಗೆ ತ್ರಾಸ ಕೊಟ್ಟಿ" ಅಂದರು.

೫. ಮೊದಲನೇ ಸಾಲು

ಒಂದ ತಿಂಗಳಿಗೆ ಬಿ.ಪಿ. ತಹಬಂದಿಗೆ ಬಂತು. ಹಗಲಿ ತೂಕಡಿಕಿ ಹೋತು. ಒಂದ ಆಯಿತವಾರ ಬಸದಿಗೆ ಹೋದವರs ಅತ್ತಿ ತಮ್ಮ ಕುರ್ಚಿ ತಾವs ಎತ್ತಿಕೊಂಡು ಮೊದಲನೇ ಸಾಲಿಗೆ ನಡದರು. ಮಂಡಳದ ಹೆಣಮಕ್ಕಳು ಒಬ್ಬರ ಮಾರಿ ಒಬ್ಬರು ನೋಡಿದರು. "ಮಾವಶಿ, ಇಲ್ಲಿ ಮೈಕ್ ಹತ್ತರ ಐತಿ..." ಅಂತ ಅಧ್ಯಕ್ಷರು ರಾಗ ಎಳದರು. ಅತ್ತಿ ಕೇಳಿಸದವರಂಗ ಕುಂತು ಜಪಮಾಲಿ ತಗದರು. ನಾ ಹಿಂದ ಕುಂತು ಎಲ್ಲಾ ದೇವರಿಗೂ ಹರಕಿ ಹೊತ್ತೆ. ಇವತ್ತೊಂದು ದಿನ ಅವರ ಮಾನ ಉಳೀಲೆಪಾ ಅಂತ.

ಪ್ರವಚನ ಒಂದು ತಾಸು. ಅತ್ತಿ ಕಣ್ಣು ಪಿಳಕಿಸಲಿಲ್ಲ. ಕಡೀಕ ಪಂಡಿತರು, "ಈಗ ಐದು ಮಿನಿಟ ಎಲ್ಲಾರೂ ಧ್ಯಾನ ಮಾಡೂಣು" ಅಂದು ತಾವೂ ಕಣ್ಣ ಮುಚ್ಚಿದರು. ಸಭಾ ಪೂರ್ತಿ ಗಪ್.

ಎರಡು ಮಿನಿಟ ಆಗಿರಬೇಕು. 'ಖೊರ್ರ್...!'

ಇಡೀ ಸಭಾ ಕಣ್ಣ ತೆರದು ನಮ್ಮತ್ತೀ ಕಡೆ ಹೊಳ್ಳಿತು. ಅಧ್ಯಕ್ಷರಂತೂ ಓಡಿ ಬಂದು ಅತ್ತೀ ಭುಜಾ ಹಿಡದು ಅಳಗಾಡಿಸಿದರು. "ಮಾವಶಿ, ಏಳ್ರಿ, ಏಳ್ರಿ!"

ಅತ್ತಿ ಕಣ್ಣು ಇಷ್ಟಗಲ ತೆರದು ಅವರನ್ನs ನೋಡಾಕತ್ತಿದ್ದರು. ಸಾವಕಾಶ ಬೆರಳು ಎತ್ತಿ ಮ್ಯಾಲ ಲೌಡಸ್ಪೀಕರ್ ತೋರಿಸಿದರು. ಇನ್ನೊಂದು 'ಖೊರ್ರ್' ಅಲ್ಲಿಂದ ಬಂತು. ಕಾಲರಿಗೆ ಮೈಕ್ ಸಿಗಿಸಿಕೊಂಡು, ನೆಟ್ಟಗ ಕುಂತು, ಪಂಡಿತರು ಗಡದ್ದ ನಿದ್ದಿಯೊಳಗ ಇದ್ದರು.

ಆಮ್ಯಾಲ ಸಪ್ಪಳ ನಿಂತಿತು. ಒಬ್ಬರು ಎಬ್ಬಸಲಿಕ್ಕೆ ಎದ್ದರು. "ತಡೀರಿ! ಉಸಿರ ನಿಂತದ್ದು ಎಣಸಾಕತ್ತೇನಿ" ಅಂದರು ಅತ್ತಿ. ಬೆರಳಿನಾಗ ಜಪಮಾಲಿ ಮಣಿ ಒಂದೊಂದs ಸರೀತಿದ್ದವು. ಇಪ್ಪತ್ತೆರಡನೇ ಮಣಿಗೆ 'ಖೊರ್ರ್!' ಅಂತ ದೊಡ್ಡದೊಂದು ಬಂತು. ತಮ್ಮ ಸಪ್ಪಳಕ್ಕ ತಾವs ಬೆಚ್ಚಿ ಎದ್ದ ಪಂಡಿತರು, ಸಭಾ ಎಲ್ಲಾ ಕಣ್ಣ ತೆರದದ್ದು ನೋಡಿ ಸಿಟ್ಟಿಗೆ ಬಂದರು. ಮೈಕಿನಾಗ ಕೇಳಿದರು:

"ಧ್ಯಾನದ ವ್ಯಾಳ್ಯಾಕ ಗೊರಕಿ ಹೊಡದವರು ಯಾರು?"

ಕೇಳಿ, ನೆಟ್ಟಗ ನಮ್ಮತ್ತೀ ಮಾರಿ ನೋಡಿದರು.

ಅತ್ತಿ ಎದ್ದ ನಿಂತರು. ಸಿಟ್ಟಿಲ್ಲ, ನಗು ಇಲ್ಲ. ಕೈ ಮುಗದು ಹೇಳಿದರು:

"ಯಾರಂತ ಎಲ್ಲಾರಿಗೂ ಗೊತ್ತಾಗೇತಿ ಪಂಡಿತಜಿ, ನಿಮಗ ಒಬ್ಬರಿಗೇ ಗೊತ್ತಿಲ್ಲ. ಈ ರೋಗs ಹಂಗ ಐತಿ. ನನಗೂ ಎರಡು ವರ್ಷ ಗೊತ್ತಿರಲಿಲ್ಲ. ನಾಳೆ ಒಂಬತ್ತಕ್ಕ ನಮ್ಮ ಸೊಸಿ ದವಾಖಾನಿಗೆ ಬರ್ರಿ. ಉಪವಾಸ ಏನ ಬ್ಯಾಡ, ಹೊಟ್ಟಿ ತುಂಬ ನಾಷ್ಟಾ ಮಾಡ್ಕೊಂಡ ಬರ್ರಿ."