ದೊಡ್ಡಮ್ಮನ ಮುದ್ದೆ, ನನ್ನ ಗೆರೆ

ಕರೆಂಟು ಹೋಗಬಹುದಿತ್ತು. ಪೆನ್‌ಡ್ರೈವ್ ಕೈಕೊಡಬಹುದಿತ್ತು. ಚಿಂತಾಮಣಿಯಿಂದ ಹೊರಟ ಬಸ್ಸು ಕೈವಾರ ಕ್ರಾಸಿನಲ್ಲಿ ಕೆಟ್ಟು ನಿಲ್ಲಬಹುದಿತ್ತು. ಐವತ್ತೆರಡನೇ ವಯಸ್ಸಿನಲ್ಲಿ ಪಿಎಚ್‌ಡಿ ವೈವಾಕ್ಕೆ ನಿಂತ ನನಗೆ ನನ್ನ ಹೆಸರೇ ಮರೆತುಹೋಗಬಹುದಿತ್ತು! ಇದನ್ನೆಲ್ಲ ಹಿಂದಿನ ವಾರವೇ ಪಟ್ಟಿ ಮಾಡಿದ್ದೆ. ಪಟ್ಟಿ ಕಳೆದುಹೋದರೆ? ಅದಕ್ಕೊಂದು ಜೆರಾಕ್ಸೂ ಮಾಡಿಸಿಟ್ಟಿದ್ದೆ.

ಇಂಥ ಪುಕ್ಕಲನಿಗೆ ಸಂಖ್ಯಾಶಾಸ್ತ್ರ ಕಲಿಸಿದವರು ಮೇಲೂರಿನ ನಮ್ಮ ದೊಡ್ಡಮ್ಮ ಎಂದರೆ ನಂಬುತ್ತೀರಾ? ಅವರು ಓದಿದ್ದು ಎರಡನೇ ಕ್ಲಾಸು.

ನನ್ನದು ಸಮಾಜಶಾಸ್ತ್ರ. ರೇಷ್ಮೆ ಸಾಕುವ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ಒಂದು ವರ್ಷ ಹೆಚ್ಚಿದರೆ ಮದುವೆಯ ವಯಸ್ಸು ಎಷ್ಟು ಹೆಚ್ಚುತ್ತದೆ ಎಂದು ನೋಡಬೇಕಿತ್ತು. ಮನೆಮನೆ ತಿರುಗಿ ಕೇಳಿಕೊಂಡು ಬಂದೆ, ದೊಡ್ಡಮ್ಮನನ್ನೂ ಬಿಡಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ ಇಟ್ಟು, ಚುಕ್ಕೆಗಳ ನಡುವೆ ಒಂದು ನೇರ ಗೆರೆ ಎಳೆಯುವುದು. ಲೀನಿಯರ್ ರಿಗ್ರೆಶನ್ ಎಂದರೆ ಇಷ್ಟೇ. ಆದರೆ ಗೆರೆ ಎಲ್ಲಿ ಶುರುವಾಗಬೇಕು, ಎಷ್ಟು ಏರಬೇಕು? ಮೂರು ಪುಸ್ತಕ ಓದಿದೆ, ಮೂರು ಸಲ ಜ್ವರ ಬಂತು.

ದೊಡ್ಡಮ್ಮನದೊಂದು ಚಾಳಿಯಿದೆ. ಹಿಪ್ಪುನೇರಳೆ ಸೊಪ್ಪು ಹೊತ್ತು ತಂದವರು ಊಟಕ್ಕೆ ಕೂತರೆ, ಬೇಕಾ ಸಾಕಾ ಎಂದು ಯಾರನ್ನೂ ಕೇಳುವುದಿಲ್ಲ. ತಾವೇ ಅಂದಾಜು ಮಾಡಿ ಮುದ್ದೆ ಇಡುತ್ತಾರೆ. ಅದು ಹೇಗೆಂದು ಕೇಳಿದೆ.

"ಏನೂ ಹೊರದೇ ಬಂದೋರ್ಗೂ ಒಂದು ಮುದ್ದೆ ಕಣಪ್ಪ. ಆಮೇಲೆ ಹೊರೆಗೆ ಅರ್ಧರ್ಧ ಜಾಸ್ತಿ."

ಜ್ವರ ಅಲ್ಲೇ ಇಳಿಯಿತು! ಗೆರೆ ಶುರುವಾಗುವುದು ಒಂದರಲ್ಲಿ, ಏರುವುದು ಅರ್ಧರ್ಧ. ಖುಷಿಯಲ್ಲಿ, ನನಗೆ ಎಷ್ಟು ಎಂದೆ.

"ನಿಂಗಾ? ಒಂದೇ."

ಲೆಕ್ಕ ತಪ್ಪುವುದೇ ಇಲ್ಲವೇ ಎಂದೂ ಕೇಳಿದೆ.

"ಮೀರಿ ತಿನ್ನೋರು ಒಬ್ರಿದ್ದೇ ಇರ್ತಾರೆ. ಹಂಗಂತ ಪಂಕ್ತಿಯಿಂದ ಎಬ್ಬಿಸ್ತೀಯಾ?"

ಆ ಮಾತು ಆಮೇಲೆ ಕೆಲಸಕ್ಕೆ ಬಂತು. ನನ್ನ ಗೆರೆಯಿಂದ ಬಹಳ ಮೇಲೆ ಒಂಟಿ ಚುಕ್ಕೆಯೊಂದು ಕೂತಿತ್ತು: ಓದು ಎರಡನೇ ಕ್ಲಾಸು, ಮದುವೆ ಮೂವತ್ತಾರಕ್ಕೆ. ಅದನ್ನು ಕಿತ್ತರೆ ಗೆರೆ ಚೆನ್ನಾಗಿ ಕೂರುತ್ತದೆ ಎಂದರು ನನ್ನ ಗೈಡು. ಹುಟ್ಟಿದಾಗಿನಿಂದ ಯಾರಿಗೂ ಎದುರಾಡದ ನಾನು, ಆಗುವುದಿಲ್ಲ ಸಾರ್ ಎಂದುಬಿಟ್ಟೆ.

ವೈವಾ ದಿನ ಕರೆಂಟು ಇತ್ತು, ಬಸ್ಸು ಓಡಿತು, ಹೆಸರೂ ನೆನಪಿತ್ತು. ದೊಡ್ಡಮ್ಮ ಬುತ್ತಿ ಹಿಡಿದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಪರೀಕ್ಷಕರು ಆ ಚುಕ್ಕೆಗೇ ಬೆರಳಿಟ್ಟು, ಇದನ್ನೇಕೆ ಉಳಿಸಿಕೊಂಡಿರಿ ಎಂದರು.

ಮಾಹಿತಿ ಕೊಟ್ಟವರ ಗುರುತು ಬಿಟ್ಟುಕೊಡಬಾರದು. ನಮ್ಮಲ್ಲಿ ಅದೇ ಮೊದಲ ಪಾಠ. ನಲವತ್ತಮೂರನೇ ಮನೆ, ಹೆತ್ತವರು ಹೋದ ಮೇಲೆ ತಂಗಿಯ ಓದಿಗಾಗಿ ಮದುವೆ ಮುಂದೆ ಹಾಕಿದವರು ಎಂದು ಹೇಳಲು ಬಾಯಿಪಾಠ ಮಾಡಿಕೊಂಡಿದ್ದೆ. ತಪ್ಪಿದ್ದು ಅಲ್ಲೊಂದೇ.

"ನಮ್ಮಮ್ಮನ್ನ ಓದಿಸಿದ್ದು ಇವ್ರೇ ಸಾರ್," ಎಂದು ಹಿಂದಿನ ಬೆಂಚಿನ ಕಡೆ ಕೈ ತೋರಿಸಿಬಿಟ್ಟೆ.