ಅಗೆದ ಗೆಣಸನ್ನು ಮತ್ತೆ ಹೂತದ್ದು

ಕೆಲಸಗಳ್ಳರಿಂದ ಮನೆ ಕೆಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಕೆಲಸ ಮಾಡುವವರಿಂದ ಎಷ್ಟು ಕೆಡುತ್ತದೆ ಎಂದು ಯಾರೂ ಹೇಳುವುದಿಲ್ಲ. ನಾನು ಹೇಳಬಲ್ಲೆ, ಯಾಕೆಂದರೆ ಕೆಡಿಸಿದವಳು ನಾನೇ. ಎಪ್ಪತ್ತು ದಾಟಿದರೂ ನನ್ನ ಕೈಗೆ ಸುಮ್ಮನೆ ಕೂಡುವುದು ಬರಲಿಲ್ಲ. ಬೆಳಗಾವಿಯ ಸದಾಶಿವನಗರದಲ್ಲಿ ಮಗಳ ಮನೆಯಲ್ಲಿ ಇರುತ್ತೇನೆ. ಪಕ್ಕದ ಮನೆಯವರು ದುಡ್ಡು ಕೊಟ್ಟು ತಂದು ಅಂಗಳದಲ್ಲಿ ಹುಲ್ಲು ಬೆಳೆಸಿದ್ದರು. ಅವರು ಊರಿಗೆ ಹೋದಾಗ ಪಾಪ, ಕಳೆ ತುಂಬಿದೆ ಎಂದು ಅಷ್ಟನ್ನೂ ಕಿತ್ತು ಹಾಕಿದೆ. ಉಪಕಾರ ಮಾಡಿದೆ ಎಂದೇ ತಿಳಿದಿದ್ದೆ. ಈಗ ಅವರು ನನ್ನನ್ನು ಕಂಡರೆ ಗೇಟು ಮುಚ್ಚಿ ಚಿಲಕ ಹಾಕುತ್ತಾರೆ.

ನಾನು ಹೇಳಬೇಕಾದದ್ದು ಹುಲ್ಲಿನ ಮಾತಲ್ಲ, ಗೆಣಸಿನದು. ಖಾನಾಪುರದ ಹತ್ತಿರ ನನ್ನ ತಮ್ಮನ ಹೊಲ ಇದೆ. ತಮ್ಮ ಈಗಿಲ್ಲ. ಅವನ ಮಗ ಮಹಾಂತೇಶ, ಸೊಸೆ ಅಶ್ವಿನಿ ನೋಡಿಕೊಳ್ಳುತ್ತಾರೆ. ಕೆಂಪು ಮಣ್ಣಿನ ಹೊಲ. ಅದರಲ್ಲಿ ಗೆಣಸೂ ಬರುತ್ತದೆ, ಇಟ್ಟಿಗೆಯೂ ಬರುತ್ತದೆ. ಇಟ್ಟಿಗೆಯನ್ನು ಕಾಡುಹಂದಿ ತಿನ್ನುವುದಿಲ್ಲ, ಹೀಗಾಗಿ ಮಹಾಂತೇಶನ ಮನಸ್ಸು ಇಟ್ಟಿಗೆಯ ಕಡೆ ವಾಲಿತ್ತು. ಇಟ್ಟಿಗೆ ಭಟ್ಟಿಯವನು ಎರಡು ಸಲ ಬಂದು, ಚಹಾ ಕುಡಿದು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿ ಹೋಗಿದ್ದ. ಒಮ್ಮೆ ಅವನು ಮೇಲಿನ ಮಣ್ಣು ತೆಗೆದನೆಂದರೆ ಅಲ್ಲಿ ಮಳೆಗಾಲದಲ್ಲಿ ಎಮ್ಮೆ ಈಜಬಹುದು, ಬೇರೇನೂ ಆಗುವುದಿಲ್ಲ.

ಅಶ್ವಿನಿಗೆ ಹೊಲ ಕೊಡಲು ಮನಸ್ಸಿರಲಿಲ್ಲ. ಅವಳು ಮೊಬೈಲಿನಲ್ಲಿ ಗ್ರೀಸ್ ಎಂಬ ದೇಶ ನೋಡಿದ್ದಳು. ನನಗೂ ತೋರಿಸಿದಳು. ಸಮುದ್ರದ ದಂಡೆ, ಕಲ್ಲುಗುಡ್ಡ, ಅದರ ಮೇಲೆ ಆಲಿವ್ ಎಂಬ ಬೂದುಬಣ್ಣದ ಗಿಡಗಳು. ಎಲ್ಲಿಂದಲೋ ಬಂದ ಮಂದಿ ಕೋಲಿನಿಂದ ಆ ಗಿಡ ಬಡಿದು ಕಾಯಿ ಉದುರಿಸುತ್ತಾರೆ, ಬುಟ್ಟಿ ತುಂಬುತ್ತಾರೆ, ಆಮೇಲೆ ಅದರ ಎಣ್ಣೆಯಲ್ಲಿ ರೊಟ್ಟಿ ಅದ್ದಿಕೊಂಡು ತಿನ್ನುತ್ತಾರೆ. ಇಷ್ಟೆಲ್ಲ ಮಾಡಿದ್ದಕ್ಕೆ ಹೊಲದವನು ಕೂಲಿ ಕೊಡುವುದಿಲ್ಲ, ಮಂದಿಯೇ ಅವನಿಗೆ ದುಡ್ಡು ಕೊಡುತ್ತಾರಂತೆ. ಗ್ರೀಸಿನವರು ಶಾಣ್ಯಾ ಇದ್ದಾರೆ ಎಂದೆ. ನಾವೂ ಹಾಗೇ ಮಾಡೋಣ, ಸಮುದ್ರ ಇಲ್ಲದಿದ್ದರೇನು ಮಲಪ್ರಭಾ ಇದೆಯಲ್ಲ ಎಂದಳು. ಬೆಳಗಾವಿಯ ಮಂದಿ ಬಂದು ಗೆಣಸು ಅಗೆಯುವುದು, ಕೆಂಡದಲ್ಲಿ ಸುಟ್ಟು ತಿನ್ನುವುದು, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂಡುವುದು. ಇದರಲ್ಲಿ ನನ್ನ ತಲೆಯಲ್ಲಿ ಉಳಿದದ್ದು ಸುಟ್ಟು ತಿನ್ನುವುದೊಂದೇ. ಮಹಾಂತೇಶ ಒಂದೇ ಭಾನುವಾರದ ಗಡುವು ಕೊಟ್ಟ. ಬಂದವರು ಖುಷಿಯಿಂದ ಹೋದರೆ ಹೊಲ ಉಳಿಯಿತು, ಇಲ್ಲದಿದ್ದರೆ ಸೋಮವಾರ ಭಟ್ಟಿಯವನಿಗೆ ಮಾತು ಕೊಡುವುದು.

ಅಡುಗೆಗೆ ಕೈಜೋಡಿಸಲು ನಾನು ಶನಿವಾರವೇ ಹೋದೆ. ಭಾನುವಾರ ನಸುಕಿನಲ್ಲಿ ಎದ್ದರೆ ಮನೆಯಲ್ಲಿ ಯಾರೂ ಇಲ್ಲ, ಗಂಡ ಹೆಂಡತಿ ಸಂತೆ ಸಾಮಾನಿಗೆ ಖಾನಾಪುರಕ್ಕೆ ಹೋಗಿದ್ದರು. ಬಾಗಿಲಿಗೆ ಒಂದು ಹಾಳೆ ಅಂಟಿಸಿತ್ತು. ದಿನದ ಕೆಲಸವೆಲ್ಲ ಅದರಲ್ಲಿ ಬರೆದಿತ್ತಂತೆ. ನನ್ನದು ಒಂದೊಂದೇ ಅಕ್ಷರ ಕೂಡಿಸಿ ಓದುವ ಓದು. ಒಂದು ಹಾಳೆ ಓದುವುದರಲ್ಲಿ ನಾನು ಒಂದು ಸಾಲು ಅಗೆಯಬಲ್ಲೆ. ಓದುವುದು ಬಿಟ್ಟು ಹೊಲಕ್ಕೆ ನಡೆದೆ. ಹಿತ್ತಲಿಗೆ ಹೊಂದಿಕೊಂಡು ಆರು ಗಿಡ್ಡ ಸಾಲು ಗೆಣಸು ಅಗೆಯದೆ ಬಿಟ್ಟಿದ್ದರು. ಉಳಿದ ಹೊಲವೆಲ್ಲ ಖಾಲಿ. ಸಾಲಿನ ಮಣ್ಣು ಬಿರುಕು ಬಿಟ್ಟಿತ್ತು, ಅಂದರೆ ಗೆಡ್ಡೆ ಬಲಿತು ಜಾಗ ಸಾಲದಾಗಿದೆ. ಒಂದು ಮೂಲೆಯಲ್ಲಿ ಹಂದಿ ಮೂತಿ ಹಾಕಿದ ಗುರುತು. ಈ ಹುಡುಗಿಗೆ ಬುದ್ಧಿ ಇಲ್ಲ ಎಂದುಕೊಂಡು ಗುದ್ದಲಿ ತೆಗೆದೆ. ಬಳ್ಳಿ ಕೊಯ್ದು ಎಮ್ಮೆಗೆ ಹಾಕಿದೆ. ಆರೂ ಸಾಲು ಅಗೆದೆ. ಅರ್ಧ ಗೆಣಸನ್ನು ತೊಳೆದೂ ಇಟ್ಟೆ.

ಎಂಟಕ್ಕೆ ಅಶ್ವಿನಿ ಬಂದಳು. ಕೈಯಲ್ಲಿನ ಚೀಲ ಕೆಳಗಿಟ್ಟಳು.

“ಅತ್ಯಾರ, ಇದೇನ್ ಮಾಡೀರಿ?”

“ಕಾಣಂಗಿಲ್ಲೇನು? ಗೆಣಸು ಅಗದೇನಿ. ಹಂದಿಗೆ ಬಿಡಬೇಕಿತ್ತೇನು?”

“ಹತ್ತಕ್ಕ ಹದಿನಾಕು ಮಂದಿ ಬರತಾರ್ರೀ.”

“ಬರಲಿ. ತಿನ್ನಾಕ ಬೇಕಾದಷ್ಟು ಐತಿ.”

“ತಿನ್ನಾಕಲ್ರೀ ಅತ್ಯಾರ. ಅಗ್ಯಾಕ.”

ಅಷ್ಟು ಹೇಳಿ ಅವಳು ಗೆಣಸಿನ ಗುಂಪಿಯ ಮೇಲೆಯೇ ಕೂತಳು. ಅಳಲಿಲ್ಲ. ಅತ್ತಿದ್ದರೆ ಬೈಯಬಹುದಿತ್ತು. ಹಿಂದೆ ನಿಂತಿದ್ದ ಮಹಾಂತೇಶ ಮೊಬೈಲು ತೆಗೆದ. ಭಟ್ಟಿಯವನ ನಂಬರು ಹುಡುಕುತ್ತಿದ್ದಾನೆ ಎಂದು ನನಗೆ ತಿಳಿಯಿತು. ಅದನ್ನ ಕಿಸೆಯಾಗ ಇಡು, ಗುದ್ದಲಿ ಹಿಡಿ, ಹುಗಿಯೂಣು ಎಂದೆ. ನಮ್ಮಲ್ಲಿ ಸತ್ತವರನ್ನು ಹೂಳುತ್ತೇವೆ. ಗೆಣಸನ್ನು ಹೂತದ್ದು ಅದೇ ಮೊದಲು. ತೊಳೆದದ್ದಕ್ಕೆ ಮತ್ತೆ ಮಣ್ಣು ಮೆತ್ತಿದೆವು. ಬಳ್ಳಿ ಬೇಕಿತ್ತು, ಎಮ್ಮೆ ಕೊಡಲಿಲ್ಲ. ಹೇಗೂ ಬಳ್ಳಿ ಕೊಯ್ದ ಮೇಲೆಯೇ ಅಗೆಯುವುದು, ಅದರ ಚಿಂತೆ ಬಿಟ್ಟೆವು. ಕಾಣಬಾರದೆಂದು ಒಳ್ಳೆ ಆಳಕ್ಕೆ ಹುಗಿದೆ. ಒಂದು ತಪ್ಪು ಮಾತ್ರ ಆಯಿತು. ಗೆಣಸು ಕೈಗೆ ಬಂದರೆ ದೊಡ್ಡದು, ನಡುವಿನದು, ಸಣ್ಣದು ಎಂದು ಆರಿಸಿ ಬೇರೆ ಮಾಡುವುದು ನನಗೆ ಹುಟ್ಟಿದಾಗಿನ ರೂಢಿ. ಹುಗಿಯುವಾಗಲೂ ಹಾಗೇ ಮಾಡಿದ್ದೆ.

ಮಂದಿ ಬಂದರು, ಟೊಪ್ಪಿಗೆ ಹಾಕಿಕೊಂಡು ಅಗೆದರು. ಮೊದಲ ಸಾಲಿನ ಗಂಡ ಹೆಂಡತಿಗೆ ಒಂದೊಂದೂ ಮೊಳಕೈ ಗಾತ್ರದ್ದು ಸಿಕ್ಕಿತು. ಅವರು ಪ್ರತಿಯೊಂದನ್ನೂ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಕೊನೆಯ ಸಾಲು ಬ್ಯಾಂಕಿನಲ್ಲಿದ್ದು ನಿವೃತ್ತರಾದ ಒಬ್ಬರ ಪಾಲಿಗೆ ಬಂದಿತ್ತು. ಅರ್ಧ ತಾಸು ಬಗ್ಗಿ ಅಗೆದು, ನಮ್ಮ ಸಾಲಿನ್ಯಾಗ ಬರೇ ಬೆರಳಿನಷ್ಟ ಬರಾಕತ್ತಾವಲ್ಲ ಎಂದು ಕೇಳಿದರು. ಅಶ್ವಿನಿ ಆ ಕಡೆ ಬಿಸಿಲು ಕಡಿಮೆ ಎಂದಳು. ಅಲ್ಲಿ ನೆರಳು ಮಾಡುವಂಥ ಒಂದು ಗಿಡವೂ ಇರಲಿಲ್ಲ.

ನನಗೆ ಭಯವಿದ್ದದ್ದು ಮೂರನೇ ಸಾಲಿನ ಮುದುಕಿಯದು. ಅವಳನ್ನು ಅವಳ ಸೊಸೆ ಕರೆತಂದಿದ್ದಳು. ಮುದುಕಿಯ ತವರು ಕಾಕತಿ, ಒಕ್ಕಲುತನದ ಮನೆ. ಅವಳು ಒಂದು ಗೆಣಸು ಎತ್ತಿ ತೊಟ್ಟು ನೋಡಿದಳು. ಈಗ ಕಿತ್ತ ಗೆಣಸಿನ ತೊಟ್ಟಿನಲ್ಲಿ ಹಾಲು ಬರುತ್ತದೆ. ಇದರಲ್ಲಿ ಒಣಗಿ ಕಪ್ಪಾಗಿತ್ತು. ಆಮೇಲೆ ನನ್ನನ್ನು ನೋಡಿದಳು. ನಾನು ಎಮ್ಮೆಯನ್ನು ನೋಡಿದೆ.

ಊಟಕ್ಕೆ ಕೂತಾಗ ಅಕ್ಕಿರೊಟ್ಟಿ, ಎಣ್ಣೆಗಾಯಿ ಆಗಿ ಗೆಣಸಿನ ಹೋಳಿಗೆ ಬಂತು. ಎಲ್ಲರೂ ಹೊಗಳುತ್ತಿದ್ದರು. ಆ ಮುದುಕಿ ಹೋಳಿಗೆ ಮುರಿದು, ಎಲ್ಲರಿಗೂ ಕೇಳುವಂತೆ ಕೇಳಿದಳು.

“ಅಕ್ಕಾರ, ಈ ಗೆಣಸು ಯಾವಾಗ ಅಗದದ್ದು?”

ತುಪ್ಪ ಬಡಿಸುತ್ತಿದ್ದ ಮಹಾಂತೇಶನ ಚಮಚ ನಿಂತಿತು. ಅಶ್ವಿನಿ ನನ್ನ ಕಡೆ ನೋಡಿ ಕಣ್ಣಿನಲ್ಲೇ ಬೇಡ ಎಂದಳು. ಹೊಲ ನನ್ನ ಬಾಯಿಯಲ್ಲಿತ್ತು. ಆದರೆ ಸುಳ್ಳು ಹೇಳಲು ನೆನಪಿನ ಶಕ್ತಿ ಬೇಕು, ನನಗೆ ಆ ಅನುಕೂಲ ಇಲ್ಲ.

“ನಸುಕಿನ್ಯಾಗ ನಾ ಅಗದೇನಿ. ಎಂಟಕ್ಕ ಹುಗದೇನಿ. ಹತ್ತಕ್ಕ ನೀವು ಅಗದೀರಿ,” ಎಂದೆ.

ಮುದುಕಿ ಹೋಳಿಗೆ ನುಂಗಿದಳು.

“ಅದು ಗೊತ್ತಾತು. ಅಷ್ಟ್ ಆಳಕ್ಕ ಯಾಕ ಹುಗದ್ರಿ? ನನ್ನ ಸೊಂಟಾ ಹಿಡದೈತಿ. ಮುಂದಿನ ಐತವಾರ ನಮ್ಮ ತಂಗೀನ ಕರಕೊಂಡ ಬರತೇನಿ, ಆಕಿಗೆ ಮೊಣಕಾಲ ಬ್ಯಾನಿ. ಒಂದ್ ಗೇಣ ಮ್ಯಾಲ ಹುಗೀರಿ.”

ಬ್ಯಾಂಕಿನವರು ತಟ್ಟೆಯಿಂದ ತಲೆ ಎತ್ತಿ, ಕೊನೆಯ ಸಾಲಿಗೂ ದೊಡ್ಡವು ನಾಲ್ಕು ಹಾಕಲು ಹೇಳಿದರು. ಆಮೇಲೆ ಎಲ್ಲರೂ ನಕ್ಕರು. ಮಹಾಂತೇಶ ಎಲ್ಲರಿಗಿಂತ ಕೊನೆಗೆ ನಕ್ಕ, ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕ. ಸೋಮವಾರ ಭಟ್ಟಿಯವನು ಬಂದ. ಅವನಿಗೆ ಚಹಾ ಅಷ್ಟೇ ಸಿಕ್ಕಿತು.

ಈಗ ಪ್ರತಿ ಭಾನುವಾರ ಮಂದಿ ಬರುತ್ತಾರೆ. ಹುಗಿದದ್ದು ಎಂದು ಮೊದಲೇ ಹೇಳಿಬಿಡುತ್ತೇವೆ, ಅವರಿಗೆ ಅದೇ ಬೇಕಂತೆ. ತೊಂದರೆ ಎಂದರೆ ಆ ಆರು ಸಾಲಿನ ಗೆಣಸು ಹುಗಿದು ಅಗೆದು ಮೂರು ವಾರಕ್ಕೇ ಮುಗಿಯಿತು. ಸುತ್ತಮುತ್ತಲಿನವರು ಅಗೆದದ್ದೆಲ್ಲ ಬೆಳಗಾವಿಯ ಮಾರ್ಕೆಟ್ಟಿಗೆ ಹೋಗುತ್ತದೆ. ಆದ್ದರಿಂದ ನಾನು ಶನಿವಾರ ಆ ಮಾರ್ಕೆಟ್ಟಿನಲ್ಲಿ ಒಂದು ಚೀಲ ಗೆಣಸು ಕೊಂಡು ಖಾನಾಪುರದ ಬಸ್ಸು ಹತ್ತುತ್ತೇನೆ. ಹೆಂಗಸೆಂದು ನನಗೆ ಟಿಕೆಟ್ಟಿನ ದುಡ್ಡಿಲ್ಲ, ಚೀಲಕ್ಕೆ ಇದೆ. ಹೋದ ವಾರ ಕಂಡಕ್ಟರ್ ಚೀಲ ಮುಟ್ಟಿ ನೋಡಿ, “ಆಯೀ, ಮಂದಿ ಎಲ್ಲಾ ಖಾನಾಪುರದಿಂದ ಗೆಣಸು ತರತಾರ, ನೀ ಉಲ್ಟಾ ಒಯ್ಯಾಕತ್ತಿಯಲ್ಲ, ಯಾಕ?” ಎಂದ.

“ಹುಗ್ಯಾಕ,” ಎಂದೆ.

ಅವನು ಒಂದು ಸಲ ಚೀಲ ನೋಡಿದ, ಒಂದು ಸಲ ನನ್ನನ್ನು ನೋಡಿದ. ಆಮೇಲೆ ಬಸ್ಸಿನ ತುಂಬ ಕಣ್ಣಾಡಿಸಿ, ಈ ಆಯಿಯ ಸಂಗಡ ಯಾರು ಬಂದೀರಿ ಎಂದು ಕೇಳುತ್ತ ಹಿಂದಿನ ಬಾಗಿಲತನಕ ಹೋದ.